ನಕಲು ಮೂಲಕ್ಕಿಂತ ದೊಡ್ಡದು, ಆದರೆ ಫೈಲ್ ಕಮ್ಮಿ! ಹಳೇ ಡಿಸ್ಕ್ ಅಳಿಸಬಹುದಾ?

ಹಳೇಡಿಸ್ಕ್:
ಹಳೇ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಿದೆ. ಎರಡೂ ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ, ನಕಲು ಮಾಡುವ ಸಿಪಿ ಕಮಾಂಡನ್ನು ಮೈನಸ್ ಆರ್ (ಒಳಗಿನ ಫೋಲ್ಡರ್‌ಗಳ ಸಮೇತ) ಕೊಟ್ಟು, ಮೂಲದ ಹೆಸರಿನ ಕೊನೆಗೆ ಸ್ಲ್ಯಾಷ್ ಸ್ಟಾರ್ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಒಂದೂ ಎರರ್ ಇಲ್ಲದೆ ಮುಗಿದಿತ್ತು. ಅಲ್ಲಿಗೇ ಬಿಡಬೇಕಿತ್ತು, ಸುಮ್ನೆ ಎಷ್ಟು ಜಾಗ ಹಿಡಿದಿದೆ ಅಂತ ಹೇಳುವ ಡಿಯು ಹಾಕಿದೆ. ಹಳೆಯದರಲ್ಲಿ 412 ಜಿಬಿ, ಹೊಸದರಲ್ಲಿ 688 ಜಿಬಿ! ಗಾಬರಿಯಾಗಿ ಫೈಂಡ್ ಕಮಾಂಡ್‌ನಿಂದ ಫೈಲ್‌ಗಳನ್ನು ಎಣಿಸಿದೆ. ಹೊಸದರಲ್ಲಿ 214 ಕಮ್ಮಿ. ತೂಕ ಜಾಸ್ತಿ, ತಲೆ ಕಮ್ಮಿ. ಇದು ಹೇಗೆ? ಹಳೆಯದನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಬೇಕು. ಎಲ್ಲವೂ ಬಂದಿದೆ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ?

ಚುಕ್ಕೆಸ್ಲ್ಯಾಷ್:
ಮೊದಲು, ಅಳಿಸಬೇಡಿ.

214 ಎಲ್ಲಿ ಹೋದವು ಅಂದರೆ, ಆ ಸ್ಟಾರ್. ಚುಕ್ಕೆಯಿಂದ ಶುರುವಾಗುವ ಹೆಸರುಗಳನ್ನು ಶೆಲ್ (ನಾವು ಬರೆದ ಕಮಾಂಡ್ ಓದುವ ಪ್ರೋಗ್ರಾಂ) ಸ್ಟಾರ್‌ಗೆ ಸೇರಿಸುವುದಿಲ್ಲ. ಒಳಗಿನ ಫೋಲ್ಡರ್‌ಗಳಲ್ಲಿರುವ ಚುಕ್ಕೆ ಫೈಲ್‌ಗಳು ಫೋಲ್ಡರ್ ಜೊತೆಗೇ ಬರುತ್ತವೆ. ಮೇಲಿನ ಹಂತದವು ಮಾತ್ರ ಉಳಿದುಬಿಡುತ್ತವೆ. ಸಿಪಿಗೆ ಅವು ಇವೆ ಅಂತಲೇ ಗೊತ್ತಿಲ್ಲ, ಎರರ್ ಯಾಕೆ ಕೊಡುತ್ತೆ?

688ಕ್ಕೆ ನನ್ನ ಅನುಮಾನ ಹಾರ್ಡ್ ಲಿಂಕ್ ಮೇಲೆ, ಅಂದರೆ ಒಂದೇ ಫೈಲಿಗೆ ಹಲವು ಹೆಸರು. ದಿನಕ್ಕೊಂದು ಬ್ಯಾಕಪ್ ಇಡುವ ಫೋಲ್ಡರ್ ಏನಾದರೂ ಇದೆಯಾ? ಒಂದೇ ಐನೋಡ್‌ಗೆ (ಡಿಸ್ಕಿನಲ್ಲಿರುವ ನಿಜವಾದ ಫೈಲಿಗೆ) ಹತ್ತು ಹೆಸರಿದ್ದರೂ ಡಿಯು ಅದನ್ನು ಒಂದೇ ಸಲ ಲೆಕ್ಕ ಹಾಕುತ್ತದೆ. ಮೈನಸ್ ಆರ್ ಮಾತ್ರ ಕೊಟ್ಟರೆ ಸಿಪಿ ಹತ್ತು ಬೇರೆ ಬೇರೆ ಫೈಲ್ ಮಾಡುತ್ತದೆ. ಫೈಲ್‌ಗಳ ತಾರೀಖನ್ನೂ ನೋಡಿ, ಎಲ್ಲ ನಿನ್ನೆ ರಾತ್ರಿಯದೇ ಆಗಿರುತ್ತದೆ.

ಹಳೇಡಿಸ್ಕ್:
ಬ್ಯಾಕಪ್ ಫೋಲ್ಡರ್ ಇದೆ! ತಾರೀಖೂ ಹಾಳಾಗಿದೆ. ನಕಲನ್ನು ಅಳಿಸಿ ಮತ್ತೆ ಶುರು ಮಾಡುತ್ತೇನೆ.

ಬೈಟ್‌ಎಣಿಸುವವ:
ಡಿಯು ಈ ಕೆಲಸಕ್ಕೆ ತಪ್ಪು ತಕ್ಕಡಿ. ನಕಲು ಸರಿಯಾಗಿದ್ದರೂ ಅಂಕಿ ಹೊಂದದಿರಬಹುದು. ಇಎಕ್ಸ್‌ಟಿ4ನಲ್ಲಿ ಒಂದು ಫೋಲ್ಡರ್ ಒಮ್ಮೆ ಉಬ್ಬಿದರೆ, ಒಳಗಿನ ಫೈಲ್‌ಗಳನ್ನು ಅಳಿಸಿದ ಮೇಲೂ ಅದರ ಗಾತ್ರ ಹಾಗೇ ಉಳಿಯುತ್ತದೆ.

ಹಳೆಯದನ್ನು ರೀಡ್ ಓನ್ಲಿ (ಓದಬಹುದು, ಬರೆಯಲಾಗದು) ಮಾಡಿ ಮೌಂಟ್ ಮಾಡಿ, ಅಂದರೆ ಸಿಸ್ಟಮ್‌ಗೆ ಜೋಡಿಸಿ. ಆಮೇಲೆ ಸಿಪಿ ಬದಲು ಆರ್‌ಸಿಂಕ್ ಅನ್ನುವ ನಕಲು ಕಮಾಂಡ್. ಮೈನಸ್ ಎ ಒಂದೇ ಸಾಲದು, ಅದರಲ್ಲಿ ಹಾರ್ಡ್ ಲಿಂಕ್, ಎಸಿಎಲ್ (ಯಾರು ಏನು ಮಾಡಬಹುದು ಅನ್ನುವ ಪಟ್ಟಿ), ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್ (ಫೈಲಿಗೆ ಅಂಟಿಸಿದ ಹೆಚ್ಚುವರಿ ಮಾಹಿತಿ) ಮೂರೂ ಇಲ್ಲ. ಕ್ಯಾಪಿಟಲ್ ಎಚ್, ಎ, ಎಕ್ಸ್ ಸೇರಿಸಿ. ಮೂಲದ ಹೆಸರಿನ ಕೊನೆಗೆ ಬರೀ ಸ್ಲ್ಯಾಷ್. ಸ್ಟಾರ್ ಬೇಡ!

ಪರೀಕ್ಷೆಗೂ ಅದೇ ಸಾಲು ಸಾಕು. ಜೊತೆಗೆ ಸಣ್ಣ ಎನ್, ಸಿ, ಐ, ಮತ್ತು ಡಿಲೀಟ್ ಆಯ್ಕೆ. ಎನ್ ಅಂದರೆ ಡ್ರೈ ರನ್, ಏನನ್ನೂ ಮುಟ್ಟುವುದಿಲ್ಲ. ಐ ವ್ಯತ್ಯಾಸ ಇದ್ದದ್ದನ್ನು ಮಾತ್ರ ಸಾಲು ಸಾಲಾಗಿ ಬರೆಯುತ್ತದೆ. ಡಿಲೀಟ್ ಇದ್ದರೆ ನಕಲಿನಲ್ಲಿ ಹೆಚ್ಚಾಗಿರುವುದೂ ಕಾಣುತ್ತದೆ. ಎನ್ ಮರೆತರೆ ನಿಜವಾಗಿಯೇ ಅಳಿಸಿಬಿಡುತ್ತದೆ, ಎಂಟರ್ ಒತ್ತುವ ಮೊದಲು ಇನ್ನೊಮ್ಮೆ ಓದಿ. ಮುಖ್ಯವಾದದ್ದು ಸಿ. ಅದಿಲ್ಲದಿದ್ದರೆ ಆರ್‌ಸಿಂಕ್ ಗಾತ್ರ ಮತ್ತು ತಾರೀಖು ಹೊಂದಿದರೆ ಸಾಕು ಅಂತ ಮುಂದೆ ಹೋಗುತ್ತದೆ, ಒಳಗೇನಿದೆ ಅಂತ ಓದುವುದೇ ಇಲ್ಲ. ಸಿ ಇದ್ದರೆ ಎರಡೂ ಡಿಸ್ಕನ್ನು ಪೂರ್ತಿ ಓದುತ್ತದೆ, ಗಂಟೆಗಟ್ಟಲೆ ಆಗುತ್ತದೆ.

ಏನೂ ಬರೆಯದೆ ಮುಗಿದರೆ ಸರಿ ಇದೆ ಅಂತ. ಆದರೆ ನಾನು ಆ ಮೌನವನ್ನು ಸುಲಭವಾಗಿ ನಂಬುವವನಲ್ಲ. ನಕಲಿನಲ್ಲಿ ಬೇಕಂತಲೇ ಒಂದು ತಪ್ಪು ಮಾಡಿ, ಸಿಕ್ಕಿಬೀಳುತ್ತಾ ನೋಡುತ್ತೇನೆ.

ಸಿಂಕ್‌ಸಿಂಕ್:
ಎರಡೇ ಮಾತು ಸೇರಿಸುತ್ತೇನೆ. ಪರೀಕ್ಷೆಗೆ ಮೊದಲು ಹೊಸ ಡಿಸ್ಕನ್ನು ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ. ಇಲ್ಲವಾದರೆ ಕೊನೆಯಲ್ಲಿ ಬರೆದ ಫೈಲ್‌ಗಳನ್ನು ಕರ್ನಲ್ (ಸಿಸ್ಟಮ್‌ನ ತಿರುಳು) ಡಿಸ್ಕಿನಿಂದಲ್ಲ, ಮೆಮೊರಿಯಿಂದಲೇ ಓದಿ ಕೊಡಬಹುದು. ಮುಗಿದ ಮೇಲೆ ಆರ್‌ಸಿಂಕ್ ಕೊಡುವ ಎಕ್ಸಿಟ್ ಕೋಡ್ (ಹೇಗೆ ಮುಗಿಯಿತು ಅಂತ ಹೇಳುವ ಸಂಖ್ಯೆ) ನೋಡಿ. 0 ಬರಬೇಕು. 23 ಬಂದರೆ ಕೆಲವು ಬರಲಿಲ್ಲ ಅಂತ, 24 ಬಂದರೆ ನಕಲು ನಡೆಯುವಾಗಲೇ ಮೂಲದಲ್ಲಿ ಏನೋ ಮಾಯವಾಗಿದೆ ಅಂತ.

ಹಳೇಡಿಸ್ಕ್:
ಎರಡು ರಾತ್ರಿ ಹೋಯಿತು. ಹೊಸದೂ ಈಗ 412 ಜಿಬಿ. ಎಣಿಕೆ ಹೊಂದಿತು, ಪರೀಕ್ಷೆ ಒಂದು ಸಾಲೂ ಬರೆಯಲಿಲ್ಲ, ಕೋಡ್ 0.

ಬೈಟ್‌ಎಣಿಸುವವರು ಹೇಳಿದ ಹಾಗೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಒಂದಕ್ಷರ ಬದಲಿಸಿ, ಟಚ್ ಕಮಾಂಡ್‌ನಿಂದ ಹಳೇ ತಾರೀಖನ್ನೇ ಅಂಟಿಸಿದೆ. ಆ ಫೋಲ್ಡರ್ ಮೇಲೆ ಮಾತ್ರ ಓಡಿಸಿದೆ. ಸಿ ಇಲ್ಲದೆ ಆರ್‌ಸಿಂಕ್ ಏನೂ ಅನ್ನಲಿಲ್ಲ! ಸಿ ಹಾಕಿದ ಕೂಡಲೇ ಹಿಡಿಯಿತು. ಫೈಲನ್ನು ಮತ್ತೆ ಸರಿಮಾಡಿದೆ.

ಅಂದಹಾಗೆ, ಆ 214 ಏನು ಅಂತ ನೋಡಿದೆ. ಬೇರೆ ಕಂಪ್ಯೂಟರ್‌ಗಳಿಗೆ ಲಾಗಿನ್ ಆಗಲು ಬೇಕಾದ ನನ್ನ ಎಸ್‌ಎಸ್‌ಎಚ್ ಕೀಗಳೂ ಅದರಲ್ಲೇ ಇದ್ದವು.