ಮೇನ್ ಡಕ್ಟಿಗೆ ಬ್ರಾಂಚ್ ಕೂರಿಸಿದಲ್ಲಿ ಗಾಳಿ ಸೋರುತ್ತಿದೆ

ಪ್ರಶ್ನೆ: ಕಾರವಾರದಲ್ಲಿ ಊಟದ ಹಾಲ್ ಒಂದರ ಕೆಲಸ. 24 ಗೇಜ್ ದಪ್ಪದ ಜಿಐ (ಸತು ಲೇಪಿಸಿದ ತಗಡು) ಡಕ್ಟಿಗೆ, ಅಂದರೆ ಗಾಳಿ ಕೊಳವೆಗೆ, 8 ಇಂಚಿನ ಕಾಲರ್ (ಬ್ರಾಂಚ್ ಜೋಡಿಸುವ ದುಂಡು ಬಾಯಿ) ಹಾಕಿದೆ. ಫ್ಯಾನ್ ಹಾಕಿದರೆ ಸುಯ್ ಅಂತ ಶಬ್ದ. ಸಿಲಿಕಾನ್ ಬಳಿದೆ, ಎರಡೇ ದಿನಕ್ಕೆ ಕಿತ್ತು ಬಂತು.

ಉತ್ತರ 1: ತೂತು ದೊಡ್ಡದಾಗಿದೆ, ಅಲ್ವಾ? ಕಾಲರ್ ಇಟ್ಟು ಗೆರೆ ಎಳೆಯಿರಿ, ಗೆರೆಯ ಒಳಗೇ ಕತ್ತರಿಸಿ. ಡಕ್ಟಿನ ಒಳಗೆ ಬರುವ ಕಾಲರಿನ ಕಿವಿಗಳನ್ನು (ಅಂಚಿನ ತಗಡಿನ ಪಟ್ಟಿಗಳನ್ನು) ಪೂರ್ತಿ ಮಡಚಿ, ಸ್ಕ್ರೂ ಹಾಕಿ. ಎಣ್ಣೆ, ಧೂಳು ಒರೆಸದೆ ಸುಮ್ನೆ ಬಳಿದರೆ ಏನೂ ಹಿಡಿಯಲ್ಲ. ಡಕ್ಟ್ ಸೀಲೆಂಟ್ ತನ್ನಿ, ಒಣಗುವವರೆಗೆ ಫ್ಯಾನ್ ಮುಟ್ಟಬೇಡಿ.

ಉತ್ತರ 2: ನಾನಾದರೆ 45 ಡಿಗ್ರಿ ಓರೆ ಬಾಯಿಯ ಕಾಲರನ್ನೇ ಹಾಕುತ್ತಿದ್ದೆ. ಓರೆ ಭಾಗ ಗಾಳಿ ಬರುವ ಕಡೆಗಿರಬೇಕು. ಒಮ್ಮೆ ಶಿರಸಿಯಲ್ಲಿ ಉಲ್ಟಾ ಕೂರಿಸಿ ಬೈಸಿಕೊಂಡಿದ್ದೇನೆ!

ಪ್ರಶ್ನೆ ಕೇಳಿದವರು: ತೂತು ಅರ್ಧ ಇಂಚು ದೊಡ್ಡದೇ. ತೇಪೆ ಹಾಕುತ್ತೇನೆ.

ಉತ್ತರ 1: ಕತ್ತರಿಸಿದ ಅಂಚಿಗೆ ಜಿಂಕ್ ಪೇಂಟ್ ಮರೀಬೇಡಿ. ನಮ್ಮ ಕಡಲ ಗಾಳಿಗೆ ಮೊದಲು ತುಕ್ಕು ಹಿಡಿಯುವುದೇ ಅಲ್ಲಿ.