ಪಕ್ಕದವರು ನಮ್ಮ ಅಂಗಳದ ವಿಷಯಕ್ಕೆ ಬಿಡದೆ ಕಾಡಿದರೆ: ನಮ್ಮ ಕಡೆಯ ಅನುಭವ

ಕೊಡಗಿನ ಮೂರ್ನಾಡು ಕಡೆಯ ಒಬ್ಬ ಅಕ್ಕ ಕೇಳಿರುವುದು ಇಷ್ಟು. ಮನೆಯಲ್ಲಿ ಅವರು ಮತ್ತು ಅಮ್ಮ ಇಬ್ಬರೇ. ಪಕ್ಕದ ತೋಟದವರು ಮೊದಲು ಬೇಲಿ ಹತ್ತಿರದ ಸಿಲ್ವರ್ ಓಕ್ ಕಡಿಸಿ ಅಂದರು, ತಮ್ಮ ಕಣಕ್ಕೆ ಎಲೆ ಬೀಳುತ್ತದೆ ಅಂತ. ಆಮೇಲೆ ಹೋಂಸ್ಟೇಗೆ ಬರುವವರ ಕಾರು ನಿಮ್ಮ ಅಂಗಳದಲ್ಲಿ ನಿಲ್ಲಲಿ ಅಂದರು. ಈಗ ಅಂಗಳದ ಅಂಚಿನಲ್ಲೇ ಹಿಂದಿನ ತೋಟಕ್ಕೆ ಪಿಕಪ್ ಹೋಗುವಷ್ಟು ದಾರಿ ಬೇಕಂತೆ. "ಬೇಡ ಅಂದ್ರೆ ಮುಖ ಕೆಡುತ್ತೆ, ಹೂಂ ಅಂದ್ರೆ ಇನ್ನೊಂದು ಬರುತ್ತೆ, ಅಮ್ಮ ಏನೂ ಹೇಳದೆ ಒಳಗೆ ಹೋಗಿಬಿಡ್ತಾರೆ, ಏನ್ಮಾಡ್ಲಿ?" ಅಂತ ಕೇಳಿದ್ದಾರೆ.

ಅಕ್ಕ, ನಾವು ನಾಪೋಕ್ಲು ಕಡೆಯವರು. ಇಂಥದ್ದು ನಮ್ಮ ಮನೆಯಲ್ಲೂ ಆಗಿದೆ, ಸೋಮವಾರಪೇಟೆ ಕಡೆ ಇರುವ ಚಿಕ್ಕಮ್ಮನಿಗೂ ಆಗಿದೆ, ಸುಂಟಿಕೊಪ್ಪ ಹತ್ತಿರದ ಒಬ್ಬ ಗೆಳೆಯನಿಗೂ ಆಗಿದೆ. ಮೂರನ್ನೂ ಸೇರಿಸಿ ಹೇಳುತ್ತೇನೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಸುಮ್ಮನಿರಬೇಡಿ. ಕೊಡುವುದಾದರೆ ಬಾಯಿಬಿಟ್ಟು ಕೊಡಿ, ಬೇಡ ಅನ್ನುವುದಾದರೆ ಬಾಯಿಬಿಟ್ಟು ಬೇಡ ಅನ್ನಿ. ಅಮ್ಮ ಒಳಗೆ ಹೋಗಿದ್ದನ್ನು ಅವರು ಒಪ್ಪಿಗೆ ಅಂತಲೇ ಲೆಕ್ಕ ಹಾಕುತ್ತಾರೆ. ಜಮೀನಿನ ವಿಷಯದಲ್ಲಿ ಮೌನಕ್ಕೆ ಬೆಲೆ ಜಾಸ್ತಿ, ಅದನ್ನು ದಾರಿಯ ವಿಷಯ ಬಂದಾಗ ವಿವರವಾಗಿ ಹೇಳುತ್ತೇನೆ.

ಮುಖ ಕೆಡಬಾರದು ಅನ್ನುವ ನಿಮ್ಮ ಚಿಂತೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ನಮ್ಮಲ್ಲಿ ಮನೆಗಳು ದೂರ ದೂರ. ಜುಲೈಯಲ್ಲಿ ಮರ ಬಿದ್ದು ದಾರಿ ಮುಚ್ಚಿ, ಕರೆಂಟು ಹೋಗಿ, ಮೊಬೈಲ್‌ಗೆ ನೆಟ್‌ವರ್ಕೂ ಇಲ್ಲದಿದ್ದಾಗ ಕತ್ತಿ ಹಿಡಿದು ಮೊದಲು ಬರುವವರು ಪಕ್ಕದ ಮನೆಯವರೇ. ಅವರನ್ನು ದೂರ ಮಾಡಿಕೊಂಡು ಇರಲು ಆಗುವುದಿಲ್ಲ. ಅದಕ್ಕೇ ಹೇಳುತ್ತಿರುವುದು, ಸುಮ್ಮನಿದ್ದು ಒಳಗೊಳಗೆ ಕುದಿಯುವುದಕ್ಕಿಂತ ಶುರುವಿನಲ್ಲೇ ಸ್ಪಷ್ಟವಾಗಿ ಹೇಳಿದವರ ಸಂಬಂಧವೇ ಉಳಿದಿರುವುದನ್ನು ನಾನು ಕಂಡಿದ್ದೇನೆ.

ಮರದ ವಿಷಯ. ನಮ್ಮ ಪಕ್ಕದವರೂ ಇದನ್ನೇ ಕೇಳಿದ್ದರು, ಸಿಲ್ವರ್ ಓಕ್ ಬುಡಕ್ಕೇ ಕಡಿಸಿ ಅಂತ. ಆ ಮರಕ್ಕೆ ಕರಿಮೆಣಸಿನ ಬಳ್ಳಿ ಕೆಳಗಿಂದ ಮೇಲಿನವರೆಗೂ ಹಬ್ಬಿತ್ತು. ಮರ ಹೋದರೆ ಬಳ್ಳಿಯೂ ಹೋಯಿತು, ಹೊಸದು ನೆಟ್ಟು ಫಸಲು ನೋಡಲು ಮೂರು ನಾಲ್ಕು ವರ್ಷ ಬೇಕು. ಆದರೆ ಅವರ ಮಾತಿನಲ್ಲಿ ನಿಜವೂ ಇತ್ತು. ಎರಡು ಕೊಂಬೆ ಅವರ ಕಣದ ಮೇಲೆ ಬಾಗಿತ್ತು, ಸಿಲ್ವರ್ ಓಕ್ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. ಹಾಗಾಗಿ ಮಳೆಗೆ ಮುಂಚೆ, ತೋಟದಲ್ಲಿ ಮರ ಕಪಾತು ಮಾಡಿಸುವಾಗಲೇ, ಅಂದರೆ ಕೊಂಬೆ ಸವರಿಸುವಾಗಲೇ, ಆ ಕಡೆಯ ಕೊಂಬೆಗಳನ್ನೂ ಇಳಿಸಿಸಿದೆವು. ಕೊಂಬೆಗೆ ಹಗ್ಗ ಕಟ್ಟಿ ನಮ್ಮ ಕಡೆಗೆ ಎಳೆದು ಬೀಳಿಸಿದರು, ಬಳ್ಳಿಗೆ ಒಂದು ಗೀರೂ ಬೀಳಲಿಲ್ಲ. ಅವರಿಗೆ ಹೇಳಿದ್ದು ಇಷ್ಟೇ: "ಪ್ರತಿ ವರ್ಷ ಮಳೆಗೆ ಮುಂಚೆ ನಿಮ್ಮ ಕಡೆಯ ಕೊಂಬೆ ನಾವೇ ತೆಗೆಸ್ತೀವಿ. ಮರ ಕಡಿಯಲ್ಲ." ಆಮೇಲೆ ಅವರು ಎಷ್ಟು ಸಲ ಕೇಳಿದರೂ ಇದೇ ಮಾತು, ಒಂದು ಪದ ಹೆಚ್ಚಿಲ್ಲ, ಕಡಿಮೆ ಇಲ್ಲ. ಈಗ ಕೇಳುವುದು ನಿಂತಿದೆ.

ನಿಮ್ಮ ಮರವನ್ನೂ ಹಾಗೆ ಒಂದು ಸಲ ನೋಡಿ. ಬರೀ ಎಲೆ ಬೀಳುತ್ತದೆ ಅಂದರೆ ಅದಕ್ಕಾಗಿ ಮರ ಕಡಿಯಬೇಕಿಲ್ಲ. ಕೊಂಬೆ ಅವರ ಕಡೆ ಚಾಚಿದ್ದರೆ ಅಷ್ಟು ತೆಗೆಸುವುದು ನ್ಯಾಯ. ಮರವೇ ವಾಲಿದೆ, ಬುಡ ಸಡಿಲವಾಗಿದೆ, ಬಿದ್ದರೆ ಅವರ ಮಾಡಿನ ಮೇಲೇ ಬೀಳುತ್ತದೆ ಅಂದರೆ ಮಾತ್ರ ಚೌಕಾಸಿ ಮಾಡದೆ ಕೂಡಲೇ ತೆಗೆಸಿ. ಬಿದ್ದು ಅಪಾಯವಾಗುವಂಥ ಮರವನ್ನು ತೆಗೆಸಲು ಎಸಿಯವರು (ಉಪವಿಭಾಗಾಧಿಕಾರಿ) ಆದೇಶ ಕೊಡಬಹುದು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ ಅದಕ್ಕೆ ಅವಕಾಶ ಇದೆ. ಅಲ್ಲಿಯವರೆಗೆ ಹೋಗಲು ಬಿಡಬಾರದು. ಕೊಂಬೆ ಕರೆಂಟ್ ಲೈನಿಗೆ ತಾಗುತ್ತಿದ್ದರೆ ಯಾರನ್ನೂ ಹತ್ತಿಸಬೇಡಿ, ಕರೆಂಟ್ ಕಂಪನಿ ಸೆಸ್ಕ್‌ನವರಿಗೆ 1912ಕ್ಕೆ ಫೋನ್ ಮಾಡಿ.

ಹಾಗೇ, ಸಿಲ್ವರ್ ಓಕ್ ಆಯಿತು, ಮುಂದೆ ಬೀಟೆ ಅಥವಾ ತೇಗ ಕಡಿಸಿ ಅಂತ ಬಂದರೆ ನಿಮ್ಮ ಉತ್ತರ ಇನ್ನೂ ಸುಲಭ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್‌ನಂಥ ಕೆಲವು ಮರಗಳಿಗೆ ವಿನಾಯಿತಿ ಇದೆ, ಬೀಟೆ, ತೇಗಕ್ಕೆ ಇಲ್ಲ. ಅವು ನಮ್ಮ ಅಂಗಳದಲ್ಲೇ ಇದ್ದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಅನ್‌ರಿಡೀಮ್ಡ್ ಜಾಗ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗವಾದರೆ ಮರದ ಹಕ್ಕೇ ಸರ್ಕಾರದ್ದು. "ಅದನ್ನ ಕಡಿಯೋ ಅಧಿಕಾರ ನನಗೇ ಇಲ್ಲ" ಅಂದರೆ ಸಾಕು, ಅದು ನಿಜ ಕೂಡ.

ಹಲಸಿನ ಮರಕ್ಕೂ ಕೆಲವರು ಗಂಟುಬೀಳುತ್ತಾರೆ, ಹಣ್ಣಿಗೆ ಆನೆ ಬರುತ್ತದೆ ಅಂತ. ಆನೆ ಓಡಾಡುವ ಕಡೆ ಅದು ಸುಳ್ಳು ಭಯ ಅಲ್ಲ. ಹಣ್ಣಾಗುವ ಮೊದಲೇ ಕಾಯಿ ಇಳಿಸಿಬಿಡಿ, ಮರ ಉಳಿಯುತ್ತದೆ, ಅವರ ಭಯವೂ ಕಡಿಮೆಯಾಗುತ್ತದೆ.

ಕಾರಿನ ವಿಷಯಕ್ಕೆ ನನ್ನ ಗೆಳೆಯನ ಅನುಭವ ಕೇಳಿ. ಅವನ ಪಕ್ಕದಲ್ಲಿ ಹೋಂಸ್ಟೇ ಇದೆ. ಶುಕ್ರವಾರ ರಾತ್ರಿ ಆಯಿತು ಅಂದರೆ ಫೋನ್ ಬರುತ್ತಿತ್ತು. ಅವನು ಪಾಪ ಪ್ರತಿ ಸಲ ಒಂದೊಂದು ಕಾರಣ ಕೊಡುತ್ತಿದ್ದ. ಕಾಫಿ ಒಣಗಿಸಿದ್ದೀವಿ ಅಂದರೆ, ಮಳೆಗಾಲದಲ್ಲಿ "ಈಗ ಕಾಫಿ ಇಲ್ವಲ್ಲ" ಅನ್ನುವರು. ನಾಯಿ ಬಿಟ್ಟಿರ್ತೀವಿ ಅಂದರೆ, "ಒಂದು ರಾತ್ರಿ ಕಟ್ಟಿಹಾಕಿ" ಅನ್ನುವರು. ಕೊನೆಗೆ ಜನವರಿಯ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹರಡಿದ್ದ ರೋಬಸ್ಟಾ ಕಾಫಿ ಹಣ್ಣಿನ ಮೇಲೆ ಎರಡು ಟೈರಿನ ಗುರುತು, ಕಣದ ಈ ತುದಿಯಿಂದ ಆ ತುದಿಗೆ. ಹಣ್ಣು ಜಜ್ಜಿ ಸಿಪ್ಪೆ ಬಿಟ್ಟು ಟಾರ್ಪಲ್‌ಗೆ ಅಂಟಿಕೊಂಡಿತ್ತು. ಗಾಡಿ ಓಡಿಸಿದವರಿಗೆ ಅದು ಏನು ಅಂತಲೇ ಗೊತ್ತಿರಲಿಲ್ಲ. ಅವತ್ತು ಅವನು ಹೋಂಸ್ಟೇಯವರ ಮನೆಗೇ ಹೋಗಿ, ಕೂತು, ಕಾಫಿ ಕುಡಿದು ಹೇಳಿ ಬಂದ: "ಅಣ್ಣ, ಗೆಸ್ಟ್ ಗಾಡಿ ಇನ್ನು ನಮ್ಮ ಅಂಗಳದಲ್ಲಿ ಬೇಡ. ನಿಮ್ಮ ಮನೆಯಲ್ಲಿ ಮದುವೆ, ಸಾವು ಅಂತ ಏನೇ ಆದರೂ ಕೇಳೋದೇ ಬೇಡ, ಅಂಗಳ ಪೂರ್ತಿ ನಿಮ್ಮದೇ."

ಈ ಮಾತು ನನಗೆ ತುಂಬಾ ಸರಿ ಅನಿಸಿತು. ಅಗತ್ಯಕ್ಕೆ ಹೂಂ, ವ್ಯಾಪಾರಕ್ಕೆ ಬೇಡ. ಊರಲ್ಲಿ ಯಾರು ಕೇಳಿದರೂ ಅವನನ್ನು ಕೆಟ್ಟವನು ಅನ್ನಲು ಆಗುವುದಿಲ್ಲ. ಮತ್ತೆ ಅವನು ಕಾರಣ ಕೊಡುವುದನ್ನೇ ಬಿಟ್ಟ, ಅದನ್ನು ಗಮನಿಸಿ. ಕಾರಣ ಕೊಟ್ಟರೆ ಅವರು ಆ ಕಾರಣಕ್ಕೆ ಪರಿಹಾರ ಹುಡುಕಿಕೊಂಡು ಬರುತ್ತಾರೆ, ಆಗ ನಿಮಗೆ ಬೇರೆ ಮಾತೇ ಉಳಿಯುವುದಿಲ್ಲ. "ನಮಗೆ ಬೇಡ" ಅನ್ನುವುದಕ್ಕೆ ಪರಿಹಾರ ಇಲ್ಲ. ಅಮ್ಮನಿಗೂ ಒಂದು ವಾಕ್ಯ ಹೇಳಿಕೊಡಿ, "ಮಗಳ ಹತ್ರ ಮಾತಾಡಿ, ಅಂಗಳದ ವಿಷಯ ಅವಳೇ ನೋಡ್ಕೊಳ್ಳೋದು" ಅಂತ. ಎಷ್ಟೋ ಮನೆಗಳಲ್ಲಿ ವಯಸ್ಸಾದವರು ಒಬ್ಬರೇ ಇರುವ ಹೊತ್ತು ನೋಡಿಕೊಂಡೇ ಕೇಳಲು ಬರುತ್ತಾರೆ. ಅದಕ್ಕೆ ಜಾಗ ಕೊಡಬೇಡಿ.

ಈಗ ದಾರಿ. ಇಲ್ಲಿ ನಿಜವಾಗಿ ಹುಷಾರಾಗಿರಬೇಕು.

ಚಿಕ್ಕಮ್ಮನ ಮನೆಯ ಪಕ್ಕದವರು ಮೊದಲು ನಡೆದು ಹೋಗುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ, ನಡೆದು ಹೋಗುವವರನ್ನು ಯಾರು ತಡೆಯುತ್ತಾರೆ ಹೇಳಿ. ಆಮೇಲೆ ಬೈಕು. ಆಮೇಲೆ ಕೊಯ್ಲಿನ ಸಮಯದಲ್ಲಿ ಮೂಟೆ ತುಂಬಿದ ಪಿಕಪ್. ಒಂದು ದಿನ ಬೆಳಿಗ್ಗೆ ಚಿಕ್ಕಮ್ಮ ಗೇಟು ತೆಗೆಯಲು ಹೋದರೆ ಹೊರಗೆ ಜಲ್ಲಿ ರಾಶಿ, ಟಾರ್ಪಲ್ ಮುಚ್ಚಿದ ಸಿಮೆಂಟ್ ಮೂಟೆ. "ಮಳೆಗೆ ಕೆಸರಾಗುತ್ತೆ ಅಲ್ವಾ, ಎರಡು ಪಟ್ಟಿ ಕಾಂಕ್ರೀಟ್ ಹಾಕಿಬಿಡ್ತೀವಿ, ಖರ್ಚು ನಮ್ಮದೇ" ಅಂದರಂತೆ, ಉಪಕಾರ ಮಾಡುವ ಧಾಟಿಯಲ್ಲಿ. ಚಿಕ್ಕಮ್ಮ ಅವತ್ತೇ ನಿಲ್ಲಿಸಿದರು. ಆಮೇಲೆ ಮಡಿಕೇರಿಯಲ್ಲಿ ವಕೀಲರ ಹತ್ತಿರ ಕೇಳಿದಾಗ, ನಿಲ್ಲಿಸಿದ್ದು ಒಳ್ಳೆಯದಾಯಿತು ಅಂದರು.

ಯಾಕೆ ಅಂದರೆ, 1882ರ ಈಸ್‌ಮೆಂಟ್ ಕಾಯ್ದೆ ಅಂತ ಒಂದಿದೆ, ಇನ್ನೊಬ್ಬರ ಜಾಗದಲ್ಲಿ ದಾರಿಯಂಥ ಹಕ್ಕುಗಳ ಬಗ್ಗೆ. ಅದು ಶುರುವಿನಲ್ಲಿ ಅನ್ವಯವಾದ ಪ್ರದೇಶಗಳಲ್ಲಿ ಮದ್ರಾಸ್, ಮಧ್ಯ ಪ್ರಾಂತ್ಯದ ಜೊತೆ ಕೊಡಗಿನ ಹೆಸರೂ ಇದೆ, ಹಾಗಾಗಿ ನಮಗೆ ಇದು ಹಳೆಯ ಕಾನೂನು. ಅದರ 15ನೇ ಕಲಮಿನ ಪ್ರಕಾರ ಒಬ್ಬರು ಇನ್ನೊಬ್ಬರ ಜಾಗದಲ್ಲಿ 20 ವರ್ಷ ತಡೆಯಿಲ್ಲದೆ, ಎಲ್ಲರಿಗೂ ಕಾಣುವಂತೆ, ತಮ್ಮ ಹಕ್ಕು ಅಂತಲೇ ಓಡಾಡಿದ್ದರೆ ಅದು ದಾರಿಯ ಹಕ್ಕಾಗಬಹುದು. ಆದರೆ ನೀವು ಅನುಮತಿ ಕೊಟ್ಟು ಓಡಾಡಿದ್ದರೆ ಹಾಗಾಗುವುದಿಲ್ಲ, ಅದು ಬರೀ ಅನುಮತಿ, ಬೇಡ ಅನಿಸಿದಾಗ ವಾಪಸ್ ತಗೊಳ್ಳಬಹುದು. ಮೌನ ದುಬಾರಿ ಅಂದದ್ದು ಇದಕ್ಕೇ. ಇನ್ನೊಂದು ಇದೆ, 60ನೇ ಕಲಮು: ನಿಮ್ಮ ಅನುಮತಿ ನಂಬಿ ಅವರು ತಮ್ಮ ಖರ್ಚಿನಲ್ಲಿ ಶಾಶ್ವತವಾದ ಕೆಲಸ ಏನಾದರೂ ಮಾಡಿಬಿಟ್ಟರೆ, ಆಮೇಲೆ ಆ ಅನುಮತಿಯನ್ನು ವಾಪಸ್ ತಗೊಳ್ಳಲು ಆಗದೇ ಹೋಗಬಹುದು. "ಖರ್ಚು ನಮ್ಮದೇ" ಅನ್ನುವ ಮಾತು ಕೇಳಿದ ಕೂಡಲೇ ಎಚ್ಚರವಾಗಿ. ಕಾಂಕ್ರೀಟ್, ಮೋರಿ, ಪೈಪು, ತಡೆಗೋಡೆ, ಯಾವುದಕ್ಕೂ ಹೂಂ ಅನ್ನಬೇಡಿ.

ಚಿಕ್ಕಮ್ಮ ದಾರಿಯನ್ನು ಪೂರ್ತಿ ಮುಚ್ಚಲಿಲ್ಲ. ಒಂದು ಹಾಳೆಯಲ್ಲಿ ಬರೆಸಿದರು. ನಡೆದು ಹೋಗಬಹುದು, ಕೊಯ್ಲಿನ ದಿನಗಳಲ್ಲಿ ಹೇಳಿ ಪಿಕಪ್ ತರಬಹುದು, ಇದು ನಮ್ಮ ಅನುಮತಿಯಿಂದ, ದಾರಿಯ ಹಕ್ಕು ಅಲ್ಲ, ಒಂದು ವರ್ಷಕ್ಕೆ ಮಾತ್ರ. ಇಬ್ಬರ ಸಹಿ, ತಾರೀಕು. ಪ್ರತಿ ವರ್ಷ ಪುತ್ತರಿ ಹಬ್ಬ ಕಳೆದ ಮೇಲೆ ಹೊಸ ಹಾಳೆ. ಪಕ್ಕದವರು ಮೊದಲು ಮುಖ ಊದಿಸಿಕೊಂಡರು, ಸಹಿ ಯಾಕೆ, ನಂಬಿಕೆ ಇಲ್ವಾ ಅಂತ. ಚಿಕ್ಕಮ್ಮ "ನನಗೆ ನಂಬಿಕೆ ಇದೆ, ನಾಳೆ ನಮ್ಮ ಮಕ್ಕಳು ಜಗಳ ಆಡಬಾರದು" ಅಂದರು. ಸಹಿ ಬಿತ್ತು. ಈಗಲೂ ಎರಡು ಮನೆಗೆ ಹೋಗಿ ಬರುವುದು ಇದೆ.

ಆದರೆ ನಿಮ್ಮ ಪಕ್ಕದವರ ಕಡೆಯಿಂದಲೂ ಒಂದು ಸಲ ಯೋಚನೆ ಮಾಡಬೇಕು. ಅವರ ಹಿಂದಿನ ತೋಟಕ್ಕೆ ಬೇರೆ ದಾರಿಯೇ ಇಲ್ಲವಾ? ನಿಮ್ಮ ಜಾಗ, ಅವರ ಜಾಗ ಮೊದಲು ಒಂದೇ ಮನೆತನದ್ದಾಗಿದ್ದು ಪಾಲಾದಾಗ ಬೇರೆಯಾಗಿದ್ದಾ? ನಮ್ಮಲ್ಲಿ ಅದು ಸಾಮಾನ್ಯ. ಹಾಗಿದ್ದರೆ ಅವರಿಗೆ ಅಗತ್ಯದ ದಾರಿ ಅಂತ ಹಕ್ಕು ಇರಬಹುದು, ಅದೇ ಕಾಯ್ದೆಯ 13ನೇ ಕಲಮಿನಲ್ಲಿ. ಅದು ಅಗತ್ಯ ಇರುವಷ್ಟಕ್ಕೆ ಮಾತ್ರ, ಅನುಕೂಲಕ್ಕೆ ಅಲ್ಲ. ಇನ್ನೊಂದು ಕಡೆಯಿಂದ ದಾರಿ ಇದೆ, ಸ್ವಲ್ಪ ಸುತ್ತಾಗುತ್ತದೆ ಅಷ್ಟೇ ಅಂದರೆ ಧೈರ್ಯವಾಗಿ ಬೇಡ ಅನ್ನಿ. ಗಡಿಯೇ ಎಲ್ಲಿ ಅನ್ನುವ ಗೊಂದಲ ಇದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಅಳತೆಗೆ, ಅರ್ಜಿ ಹಾಕಿ, ಅಳತೆಗೆ ಬರುವಾಗ ಅಕ್ಕಪಕ್ಕದವರಿಗೂ ನೋಟಿಸ್ ಹೋಗುತ್ತದೆ. ಕಲ್ಲು ನೆಟ್ಟ ಮೇಲೆ ಅರ್ಧ ಮಾತು ತಾನಾಗೇ ನಿಲ್ಲುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಿಕಪ್ ದಾರಿ ಅಂದರೆ ನಾಳೆ ಜೆಸಿಬಿ ಬರುತ್ತದೆ, "ಸ್ವಲ್ಪ ಬರೆ ಕೆರೆದು ಅಗಲ ಮಾಡ್ತೀವಿ" ಅನ್ನುತ್ತಾರೆ. ದಯವಿಟ್ಟು ಬರೆ, ಅಂದರೆ ಆ ಮಣ್ಣಿನ ದಿಬ್ಬದ ಇಳಿಜಾರು, ಮುಟ್ಟಲು ಬಿಡಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ್ದನ್ನು ನೋಡಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಈಗಲೂ ಪ್ರತಿ ಮಳೆಗಾಲದಲ್ಲಿ ಮನೆ ಹಿಂದಿನ ಬರೆ ಕುಸಿದ ಸುದ್ದಿ ಬರುತ್ತಲೇ ಇರುತ್ತದೆ. ಅವರು ತಮ್ಮದೇ ಜಾಗದಲ್ಲಿ ಕೆರೆದರೂ ನಿಮ್ಮ ಅಂಗಳಕ್ಕೆ ಆಧಾರವಾಗಿರುವ ಮಣ್ಣು ತೆಗೆಯುವಂತಿಲ್ಲ, ಪಕ್ಕದ ನೆಲದ ಆಧಾರ ಪಡೆಯುವ ಹಕ್ಕು ನಿಮಗಿದೆ. ಜೆಸಿಬಿ ಬಂದರೆ ಫೋಟೋ ತೆಗೆದು ಅದೇ ದಿನ ಪಂಚಾಯಿತಿಗೂ ತಹಶೀಲ್ದಾರರಿಗೂ ಬರೆದು ಕೊಡಿ. ಇಲ್ಲಿ ಮುಖ ಕೆಡುವ ಲೆಕ್ಕ ಬೇಡ.

ಮಳೆ ನೀರಿನ ತಕರಾರು ಬಂದರೆ: ಮೇಲಿನ ಜಾಗದಿಂದ ತಾನಾಗಿ ಇಳಿಯುವ ನೀರನ್ನು ಕೆಳಗಿನವರು ತಡೆಯುವಂತಿಲ್ಲ. ನೀವು ಚರಂಡಿ ಮಾಡಿ ಅವರ ಕಡೆಗೇ ತಿರುಗಿಸಿದ್ದರೆ ಮಾತ್ರ ನೀವೇ ಸರಿಮಾಡಬೇಕು.

ವಕೀಲರ ಖರ್ಚು ಅಂತ ಹೆದರಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಇದೆ, 15100ಕ್ಕೆ ಫೋನ್ ಮಾಡಿದರೆ ಹೇಳುತ್ತಾರೆ. ಕೇಸು ಹಾಕುವ ಮೊದಲೇ ಇಬ್ಬರನ್ನೂ ಕೂರಿಸಿ ಮಾತಾಡಿಸುವ ವ್ಯವಸ್ಥೆಯೂ ಅಲ್ಲಿದೆ.

ನೀವು ಬರೆಯದೇ ಬಿಟ್ಟಿರುವುದು ಒಂದೇ, ಆ ಅಂಚಿನಲ್ಲಿ ಅವರು ಈಗಾಗಲೇ ನಡೆದಾಡುತ್ತಿದ್ದಾರಾ, ಎಷ್ಟು ವರ್ಷದಿಂದ, ಯಾರಾದರೂ ಬಾಯಿಮಾತಲ್ಲಿ ಒಪ್ಪಿಗೆ ಕೊಟ್ಟಿದ್ದರಾ ಅಂತ. ಅಮ್ಮನ ಹತ್ತಿರ ಕೂತು ನಿಧಾನವಾಗಿ ಕೇಳಿ. ಹಳೆಯ ಪಾಲುಪತ್ರ ಮನೆಯಲ್ಲಿದ್ದರೆ ಅದನ್ನೂ ತೆಗೆದು ಓದಿ. ಅದರಲ್ಲಿ ಅವರಿಗೆ ದಾರಿ ಅಂತ ಬರೆದಿದ್ದರೆ ದಾರಿಯ ಬಗ್ಗೆ ನಾನು ಹೇಳಿದ್ದು ನಿಮಗೆ ಹೊಂದುವುದಿಲ್ಲ, ಆಗ ಅವರ ಜೊತೆ ಮಾತಾಡುವ ಮೊದಲೇ ವಕೀಲರಿಗೆ ಆ ಪತ್ರ ತೋರಿಸಿ.