ಮಳೆ ಹಿಡಿದ ಮೇಲೆ ಮೇಕೆಗೆ ಗದ್ದ ಊತ: ಜಂತಿನ ಔಷಧಿ ಕುಡಿಸಿದರೂ ಯಾಕೆ?

ಪ್ರಶ್ನೆ (ಶಿರಾ ಕಡೆಯ ಮೇಕೆ ಸಾಕಣೆದಾರರು): ಡಾಕ್ಟ್ರೇ, ನಮಸ್ಕಾರ. ಮಳೆ ಹಿಡಿದ ಮೇಲೆ ನಮ್ಮ ರೊಪ್ಪದಲ್ಲಿ ನಾಲ್ಕೈದು ಮೇಕೆ ಬಡಕಲಾಗಿವೆ. ಸಂಜೆ ಮೇದು ಬಂದಾಗ ಗದ್ದದ ಕೆಳಗೆ ಊತ, ಬೆಳಗ್ಗೆ ಹೊತ್ತಿಗೆ ಇಳಿದಿರುತ್ತದೆ. ಭೇದಿ ಇಲ್ಲ, ಹಿಕ್ಕೆ ಗಟ್ಟಿಯಾಗೇ ಇದೆ. ಹೋದ ತಿಂಗಳು ಎಲ್ಲಕ್ಕೂ ಆಲ್ಬೆಂಡಜೋಲ್ ಕುಡಿಸಿದ್ದೆ. ಮೇಯುವುದು ಕೆರೆ ಅಂಗಳದಲ್ಲಿ.

ಉತ್ತರ (ಪಶುವೈದ್ಯರು): ಭೇದಿ ಇಲ್ಲ ಅಂದಿರಲ್ಲ, ಅದಕ್ಕೇ ನನಗೆ ಹೀಮಾಂಕಸ್ ಹುಳುವಿನ ಮೇಲೆ ಅನುಮಾನ ಜಾಸ್ತಿ. ಇದು ಮೇಕೆಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಹೆಣ್ಣು ಹುಳು ಕೆಂಪು ಬಿಳಿ ದಾರ ಹೊಸೆದ ಹಾಗೆ ಕಾಣುತ್ತದೆ. ಒಂದು ಹುಳು ದಿನಕ್ಕೆ ಕುಡಿಯುವುದು ಸುಮಾರು 0.05 ಮಿ.ಲೀ. ಅಷ್ಟೇನಾ ಅನ್ನಬೇಡಿ. 2,000 ಹುಳು ಇದ್ದರೆ ದಿನಕ್ಕೆ 100 ಮಿ.ಲೀ. ಹೋಯಿತು. 25 ಕೆ.ಜಿ. ಮೇಕೆಯ ಮೈಯಲ್ಲಿ ಇರುವ ರಕ್ತವೇ ಒಂದೂಮುಕ್ಕಾಲು ಲೀಟರ್ ಆಸುಪಾಸು. ರಕ್ತದ ಜೊತೆ ಪ್ರೋಟೀನೂ ಹೋಗುವುದರಿಂದ ನೀರು ಗದ್ದಕ್ಕೆ ಇಳಿಯುತ್ತದೆ. ತಲೆ ಬಗ್ಗಿಸಿ ಮೇದ ಮೇಲೆ ಸಂಜೆ ಊತ ಜಾಸ್ತಿ ಕಾಣುವುದು ಅದಕ್ಕೇ.

ಈಗ ಒಂದು ಕೆಲಸ ಮಾಡಿ. ಬೆಳಕಿಗೆ ನಿಲ್ಲಿಸಿ, ಮೇಲಿನ ರೆಪ್ಪೆ ಮೆತ್ತಗೆ ಒತ್ತಿ, ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಿದ್ದರೆ ಬಿಡಿ. ತಿಳಿ ಗುಲಾಬಿ ಆದರೆ ಔಷಧಿ ಬೇಕು. ಸುಣ್ಣದ ಬಿಳುಪಿದ್ದರೆ ಇವತ್ತೇ ವೈದ್ಯರನ್ನು ಕರೆಸಿ. ಅಂಥ ಮೇಕೆಯನ್ನು ಓಡಿಸಬೇಡಿ, ದೂರ ನಡೆಸಬೇಡಿ, ಅಲ್ಲೇ ಕುಸಿದು ಸಾಯಬಹುದು. ಇದಕ್ಕೆ ಫಮಾಚಾ ಅಂತ ಬಣ್ಣದ ಕಾರ್ಡೇ ಇದೆ, ದಕ್ಷಿಣ ಆಫ್ರಿಕಾದಲ್ಲಿ ಮಾಡಿದ್ದು.

ಪ್ರಶ್ನೆ (ಅದೇ ಸಾಕಣೆದಾರರು): ನೋಡಿದೆ ಸರ್. ಎರಡಕ್ಕೆ ಪೂರ್ತಿ ಬಿಳುಪು, ಡಾಕ್ಟ್ರಿಗೆ ಫೋನ್ ಮಾಡಿದ್ದೇನೆ. ಆದರೆ ಔಷಧಿ ಕೆಲಸ ಮಾಡಲಿಲ್ಲ ಯಾಕೆ?

ಉತ್ತರ: ಡೋಸ್ ಹೇಗೆ ಲೆಕ್ಕ ಹಾಕಿದಿರಿ? ಸುಮ್ನೆ ಕಣ್ಣಂದಾಜಲ್ಲಿ ಕುಡಿಸುವುದೇ ಹೆಚ್ಚು, ಅಲ್ವಾ? ಕುರಿಯ ಲೆಕ್ಕ ಮೇಕೆಗೆ ಸಾಲುವುದಿಲ್ಲ. ಮೇಕೆಯ ಮೈ ಈ ಔಷಧಿಗಳನ್ನು ಬೇಗ ಹೊರಹಾಕುತ್ತದೆ. ಕಡಿಮೆ ಡೋಸ್ ಪದೇ ಪದೇ ಬಿದ್ದರೆ ಔಷಧಿಗೆ ಜಗ್ಗದ ಹುಳುಗಳೇ ಉಳಿಯುತ್ತವೆ. ತಕ್ಕಡಿಯಲ್ಲಿ ತೂಗಿ, ಡೋಸ್ ವೈದ್ಯರನ್ನೇ ಕೇಳಿ. ಕ್ಲೋಸಾಂಟೆಲ್ ಅನ್ನುವ ಇನ್ನೊಂದು ಜಂತಿನ ಔಷಧಿಯನ್ನಂತೂ ನೀವೇ ಅಂದಾಜು ಮಾಡಿ ಹಾಕಬೇಡಿ, ಜಾಸ್ತಿಯಾದರೆ ಕಣ್ಣೇ ಹೋಗುತ್ತದೆ.

ಕುಡಿಸುವ ಮುಂಚೆ ಒಮ್ಮೆ, ಕುಡಿಸಿ ಎರಡು ವಾರಕ್ಕೆ ಇನ್ನೊಮ್ಮೆ ಹಿಕ್ಕೆ ಪರೀಕ್ಷೆ ಮಾಡಿಸಿ. ನೆಲದ್ದು ಬೇಡ, ಗುದದಿಂದಲೇ ತೆಗೆದ ಬಿಸಿ ಹಿಕ್ಕೆ ಬೇಕು. ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಕಡಿಮೆಯಾಗಿಲ್ಲ ಅಂದರೆ ಔಷಧಿ ಬದಲಾಯಿಸಬೇಕು. ಕೆರೆ ಅಂಗಳ ಅಂದಿರಿ, ಬಸವನಹುಳದಿಂದ ಬರುವ ಲಿವರ್ ಫ್ಲೂಕ್ (ಪಿತ್ತಜನಕಾಂಗದ ಹುಳು) ಕೂಡ ಇರಬಹುದು. ಅದರಲ್ಲೂ ಗದ್ದ ಊದುತ್ತದೆ. ಲ್ಯಾಬಿಗೆ ಅದನ್ನೂ ನೋಡಲು ಹೇಳಿ.

ಪ್ರಶ್ನೆ (ಇನ್ನೊಬ್ಬರು): ಒಬ್ಬರು ಮೇಡಂ ಜಂತಿಗೆ ಬೇವಿನ ಸೊಪ್ಪೇ ಸಾಕು ಅಂದರು. ನಮ್ಮ ಒಂದು ಮೇಕೆ ಗಬ್ಬ ಬೇರೆ.

ಉತ್ತರ: ಸೊಪ್ಪು ತಿನ್ನಲಿ, ಬೇಡ ಅನ್ನುವುದಿಲ್ಲ. ಆದರೆ ಕಣ್ಣು ಬಿಳಿಚಿಕೊಂಡ ಮೇಕೆ ಅದರಿಂದ ಉಳಿಯುವುದಿಲ್ಲ. ಸೊಪ್ಪಿನ ಲಾಭ ಬೇರೆ. ಮರಿಹುಳುಗಳು ಇರುವುದು ಹಸಿ ಹುಲ್ಲಿನ ಬುಡದ ಕಡೆ. ಎತ್ತರದ ಜಾಲಿ, ಹುಣಸೆ, ಸುಬಾಬುಲ್ ಸೊಪ್ಪು ಮೇದರೆ ಅವು ಹೊಟ್ಟೆಗೆ ಹೋಗುವುದು ಕಡಿಮೆ. ಇಬ್ಬನಿ ಆರಿದ ಮೇಲೆ ಬಿಡಿ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡ. ಈದ ಆಸುಪಾಸಿನಲ್ಲಿ ತಾಯಿಯ ಹಿಕ್ಕೆಯಲ್ಲಿ ಮೊಟ್ಟೆ ಜಾಸ್ತಿಯಾಗುತ್ತದೆ, ಮರಿಗಳಿಗೆ ಹುಳು ಅಂಟುವುದು ಆ ನೆಲದಿಂದಲೇ. ಆಗ ಕಣ್ಣು ನೋಡುವುದು ತಪ್ಪಿಸಬೇಡಿ.